ಬದು ತಿಂದ ಡೋಜರ್ರು

ನಗಬ್ಯಾಡ ಕಣಪ್ಪ ರವೀಂದ್ರ! ಆ ಪ್ಲಗ್ಗು ಮೇಕೆನೇ ಕಿತ್ತಿರಾದು. ಹೂಂ, ನಮ್ ಮೇಕೆನೇ. ಡೋಜರ್ ರಿಪೇರಿ ಮಾಡೋನು ನೀನಿರಬೌದು, ಮೇಕೆ ಸಾಕಿರಾಳು ನಾನು. ಅವು ಏನೇನು ತಿಂತವೆ ಅಂತ ನಿಂಗೇನು ಗೊತ್ತು? ಮೊನ್ನೆ ನಮ್ ಯಜಮಾನ್ರ ಓಟಿನ ಕಾರ್ಡು ತಿಂದ್ವು. ಇನ್ನು ವೈರಿನ ಪ್ಲಗ್ಗು ಬಿಡ್ತವಾ?

ಯಾಕೆ ಹಂಗೆ ನೋಡ್ತೀಯ? ಗಾಡಿ ಕೆಳಗಿಂದ ಬರೀ ಮಖ ಹೊರಗೆ ಹಾಕಿ... ಆಮೆ ಕಂಡಂಗೆ ಕಾಣ್ತೀಯ. ಎದ್ದು ಬಾ, ಮಜ್ಜಿಗೆ ಕುಡಿ. ಡ್ರೈವರ್ ಜುಂಜೇಶ ಟೀ ತರ್ತೀನಂತ ರಾಮಗಿರಿ ಸ್ಟೇಷನ್ ತಾವ ಹೋಗವ್ನೆ. ಅವ್ನು ಒಂದು ರೈಲಾದ್ರೂ ನೋಡ್ದೆ ಬರಲ್ಲ.

ಬ್ಯಾಡ್ವಾ? ಸರಿ, ಅಲ್ಲೇ ಮಲಗಿರು.

ಏನು... ರಿಪೇರಿಗೆ ಇನ್ನೊಂದು ದಿನ ತಗೊ ಅಂತ ನಾನ್ಯಾಕೆ ಅಂದೆ ಅಂತಾನಾ? ಹೇಳ್ತೀನಿ ಕೇಳು. ಈ ಹೊಲ ನಮ್ದು. ಆ ಹೊಲ ಓಬಮ್ಮಂದು. ಓಬಮ್ಮ ಅಂದ್ರೆ ನನ್ ಓರಗಿತ್ತಿ, ನಮ್ ಮೈದ್ನನ ಹೆಂಡ್ತಿ. ಒಂದೇ ಚಪ್ಪರದಾಗೆ ಇಬ್ರಿಗೂ ತಾಳಿ ಬಿತ್ತು ಕಣಪ್ಪ. ಒಂದೇ ಒಲೆ ಮುಂದೆ ಕುಂತು ನಾನು ರೊಟ್ಟಿ ಬಡಿಯಾದು, ಅವ್ಳು ಸುಡಾದು. ಆಮೇಲೆ ಪಾಲಾತು. ಪಾಲಾದ್ರೂ ಚೆನ್ನಾಗೇ ಇದ್ವಿ... ಹಾಳಾದ್ದು ಒಂದು ಕುಂಬಳಬಳ್ಳಿ! ಬೇರು ನನ್ ಕಡೆ, ಬದು ದಾಟಿ ಕಾಯಿ ಅವ್ಳ ಕಡೆ. ಕಿತ್ಕಂಡು ಪಲ್ಯ ಮಾಡಿದ್ಲು. 'ಕೇಳ್ದೆ ಕಿತ್ಕಂಡೆ ಏನೇ?' ಅಂದೆ. 'ಕಾಯಿ ತಾನೇ ನನ್ ಹೊಲಕ್ಕೆ ಬಂತು, ನಾನೇನು ಕರೀಲಿಲ್ಲ' ಅಂದ್ಲು. ಮುಗೀತು! ಮಾತಿಲ್ಲ, ಕತೆ ಇಲ್ಲ. ಗಂಡಸ್ರು ಮಾತ್ರ ಹೋಟ್ಲಾಗೆ ಒಂದೇ ಪೇಪರ್ ಮ್ಯಾಲೆ ಮಂಡಕ್ಕಿ ಹರವಿಕಂಡು ತಿಂತಾರೆ, ನಾಚ್ಕೆ ಇಲ್ದೋರು. ನಾವಿಬ್ರು ನೀರಿನ ತಾವ ಎದುರು ಬದುರಾದ್ರೆ ಒಬ್ಳು ಆಕಾಶ ನೋಡಾದು, ಇನ್ನೊಬ್ಳು ಬಿಂದಿಗೆ ನೋಡಾದು. ವರ್ಷಗಟ್ಲೆ ಹಿಂಗೇ.

ನಗು ನಗು. ನಿಂಗಿನ್ನೂ ಮದ್ವೆ ಆಗಿಲ್ಲ.

ಆಮೇಲೆ ಹೊಲ ಮಟ್ಟ ಮಾಡ್ಸಾಣ ಅಂತ ಈ ಡೋಜರ್ ಕರೆಸಿದ್ವಾ? ಬೆಳಿಗ್ಗೆ ನೆಟ್ಟಗೇ ಹೋತು. ಬಿಸಿಲೇರಿ ಎಣ್ಣೆ ಕಾದ್ಮೇಲೆ ಶುರುವಾತು ನೋಡು, ಎಡಕ್ಕೆ ಎಳಿಯಾದು! ಜುಂಜೇಶ ಬಲಕ್ಕೆ ಹಿಡಿದ್ರೂ ಎಡಕ್ಕೆ, ಕುಡ್ದು ಮನಿಗೆ ಹೊಂಟೋನಂಗೆ. ಎಡಕ್ಕೆ ಏನಿತ್ತು? ಬದು! 'ನಿಲ್ಲೇ ತಾಯಿ, ನಿಲ್ಲೇ' ಅಂತ ಅವ್ನು ಕೂಗ್ತಾನೇ ಅವ್ನೆ, ಇದು ಬದು ಪೂರಾ ತಳ್ಕಂಡು ಹೋಗಿ ಓಬಮ್ಮನ ಹೊಲ್ದಾಗೆ ನಿಂತ್ಕಂತು.

ಅವ್ಳು ಸೆರಗು ಸೊಂಟಕ್ಕೆ ಸಿಗಿಸಿ ಓಡಿ ಬಂದ್ಲು. 'ಲೇ ಮುದ್ದೀ!' ಅಂದ್ಲು. ಊರೆಲ್ಲ ನನ್ನ ಮುದ್ದಕ್ಕ ಅಂತೈತೆ. ಮುದ್ದಿ ಅನ್ನಾದು ಅವ್ಳೊಬ್ಳೇ ಕಣಪ್ಪ... 'ಲೇ ಮುದ್ದಿ, ನನ್ ಬದು ಎಲ್ಲೇ?' ನಾನು ಬಿಡ್ತೀನಾ? 'ಬದು ತಾನೇ ನಿನ್ ಹೊಲಕ್ಕೆ ಬಂತು, ನಾನೇನು ಕಳಿಸ್ಲಿಲ್ಲ!' ಅಂದೆ. ಅಬ್ಬಬ್ಬಬ್ಬ, ಬೈದಾಡಿದ್ವಿ ನೋಡು! ಗಂಟ್ಲು ಒಣಗಿ ಒಂದೇ ಚೊಂಬಿನಾಗೆ ಇಬ್ರೂ ನೀರು ಕುಡ್ದು ಮತ್ತೆ ಬೈದಾಡಿದ್ವಿ. ಅವತ್ತು ಏನು ನಿದ್ದೆ ಬಂತಪ್ಪ ನಂಗೆ!

ನಿನ್ನೆ ನೀನು ಬಂದೆ. ಎಣ್ಣೆ ನೋಡ್ದೆ, ಫಿಲ್ಟ್ರು ನೋಡ್ದೆ, ಗೇಜು ಹಾಕಿ ಪ್ರೆಷರ್ರು ನೋಡ್ದೆ. 'ಇದಕ್ಕೆ ಗೇರಿಲ್ಲ ಮುದ್ದಕ್ಕ, ಎಣ್ಣೆನೇ ಚೈನು ತಿರುಗ್ಸಾದು. ಆ ಚೈನಿಗೊಂದು ಪಂಪು, ಈ ಚೈನಿಗೊಂದು ಪಂಪು. ಎಷ್ಟು ಸ್ಪೀಡಾಗೆ ತಿರುಗ್ತವೆ ಅಂತ ಹೇಳಾಕೆ ಒಂದೊಂದು ಸೆನ್ಸಾರ್. ಒಂದು ಸುಳ್ಳು ಹೇಳಿದ್ರೂ ಗಾಡಿ ದಾರಿ ತಪ್ತೈತೆ' ಅಂದೆ. ಎಡಗಡೇದು ಬಿಚ್ಚಿ ಬಲಕ್ಕೆ, ಬಲಗಡೇದು ಬಿಚ್ಚಿ ಎಡಕ್ಕೆ ಹಾಕ್ದೆ. 'ಓಡ್ಸೋ ಜುಂಜೇಶ' ಅಂದೆ. ಈಗ ಬಲಕ್ಕೆ ಎಳೀತು! ಬಲಕ್ಕೆ ಏನಿತ್ತು? ನನ್ ಜೋಳದ ಸಪ್ಪೆ ಬಣವೆ! ನೀನು 'ಸಿಕ್ತು, ಸಿಕ್ತು, ಪಂಪು ಸರಿ ಐತೆ, ಸೆನ್ಸಾರೇ ಕಳ್ಳ!' ಅಂತ ಕುಣಿತಾ ಇದೀಯ, ನನ್ ಬಣವೆ ಮಕಾಡೆ ಮಲಗೈತೆ! ಓಬಮ್ಮ ಹೊಟ್ಟೆ ಹಿಡ್ಕಂಡು ನಕ್ಲು. ಅವ್ಳು ನಗಾದು ನೋಡಿ ನಾನೂ ನಕ್ಕೆ. ಆಮೇಲೆ ನೆಪ್ಪಾಗಿ ಇಬ್ರೂ ಮಖ ಬಿಗಿದ್ವಿ.

ಹೊಸ ಸೆನ್ಸಾರ್ ಹಾಕ್ದೆ, ಸರಿ ಹೋತು. 'ಈ ಸೆನ್ಸಾರ್ ವೈರಿನ ಪ್ಲಗ್ಗು ಮಾತ್ರ ಯಾರೂ ಕೀಳಬ್ಯಾಡ್ರಿ, ಕಿತ್ರೆ ಗಾಡಿ ಜಗ್ಗಲ್ಲ' ಅಂದೆ. 'ಹೆಂಗೆ ಕೀಳಾದು?' ಅಂತ ನಾನು ಸುಮ್ನೆ ಕೇಳ್ದೆ. ಕೀಳಬಾರ್ದು ಅಂದ್ರೆ ಹೆಂಗೆ ಕೀಳಾದು ಅಂತ ಗೊತ್ತಿರ್ಬೇಕಲ್ಲ! ನೀನೂ ಕ್ಲಿಪ್ಪು ಒತ್ತಿ ತೋರಿಸ್ದೆ. ಓಬಮ್ಮ ಪಕ್ಕದಾಗೇ ಆಕಾಶ ನೋಡ್ತಾ ನಿಂತಿದ್ಲು.

ಇವತ್ತು ಬೆಳಿಗ್ಗೆ ಬದು ಎತ್ತಿಸಿ ಗಾಡಿ ಹೊಸದುರ್ಗಕ್ಕೆ ಕಳಿಸ್ಬೇಕಿತ್ತು. ಜುಂಜೇಶ ಚಾಲೂ ಮಾಡಿದ್ರೆ ಕೆಂಪು ಲೈಟು, ಕೀ ಕೀ ಕೀ... ಒಂದು ಗೇಣು ಜಗ್ಲಿಲ್ಲ. ಇಷ್ಟೇ ಕಣಪ್ಪ ಆಗಿದ್ದು. ಮೇಕೆ.

ಯಾಕೆ ತಲೆ ಅಲ್ಲಾಡಿಸ್ತೀಯ?

ಮೇಕೆಗೆ ಕ್ಲಿಪ್ಪು ಒತ್ತಾಕೆ ಬರಲ್ಲ ಅಂತಾನಾ? ನಮ್ಮವು ಜಾಣ ಮೇಕೆ. ಏನು ಅದು, ಕೈಯಾಗೆ? ಪ್ಲಾಸ್ಟಿಕ್ ಕವರ್ರಾ? ಹೂಂ, ಪ್ಲಗ್ಗಿಗೆ ಸುತ್ತೈತೆ, ರಬ್ಬರ್ ಬ್ಯಾಂಡೂ ಹಾಕೈತೆ. ಮತ್ತೆ ಒಳಗೆ ಧೂಳು ಹೋಗಬಾರ್ದು ಅಂತ ನೀನೇ ಹೇಳಿದ್ಯಲ್ಲ ನಂಗೆ...

...ಮೇಕೆಗೆ.

ರವೀಂದ್ರ, ಹಂಗೆ ಸುಮ್ನೆ ಇರಬ್ಯಾಡಪ್ಪ. ಬೈದ್ರೂ ಬೈಯಿ. ಸುಮ್ನಿರೋರ ಮುಂದೆ ನಂಗೆ ಆಗಲ್ಲ. ಅಷ್ಟು ವರ್ಷ ಸುಮ್ನಿದ್ದು ಸಾಕಾಗೈತೆ... ಬದು ಎದ್ದು ನಿಂತ್ರೆ ಅವ್ಳು ಯಾಕಪ್ಪ ಈ ಕಡೆ ಬರ್ತಾಳೆ? ಬೈಯಾಕಾದ್ರೂ ಒಂದು ನೆಪ ಬ್ಯಾಡ್ವಾ? ಇನ್ನೊಂದೇ ದಿನ ಕೆಟ್ಟು ನಿಂತಿರ್ಲಿ ಅಂತ...

ಯಾಕೆ ಆ ಕಡೆ ತೆವಳ್ತೀಯ? ನಾನು ಹೇಳ್ತಾ ಇದೀನಿ, ನೀನು... ಏನದು, ಎರಡು ಬೆರಳು ತೋರಿಸ್ತೀಯ? ಎರಡೇನು? ಎರಡು ಪ್ಲಗ್ಗಾ? ಬಲಗಡೇದೂನಾ?

ಇಲ್ಲಪ್ಪ! ನಾನು ಕಿತ್ತಿದ್ದು ಎಡಗಡೇದೊಂದೇ! ದೇವ್ರಾಣೆ ಬಲಗಡೇದು ಮುಟ್ಟಿಲ್ಲ. ಜುಂಜೇಶನೂ ಅಲ್ಲ, ಅವ್ನಿಗೆ ಹೊಸದುರ್ಗಕ್ಕೆ ಹೋಗಾ ಅವಸರ. ಮತ್ಯಾರು...

ಅದಕ್ಕೂ ಏನೋ ಸುತ್ತೈತಾ? ಕೊಡಿಲ್ಲಿ. ಬಟ್ಟೆ ಚೂರು. ಹಸಿರು... ಕೆಂಪು ಅಂಚು...

...

ಇದು ಓಬಿ ಸೀರೆ ಕಣಪ್ಪ. ಹಳೇದು. ನಂಗೂ ಅವ್ಳಿಗೂ ಒಟ್ಗೆ ತಂದಿದ್ದು.

ಏ, ಅಳ್ತಿಲ್ಲ, ಡೀಸೆಲ್ ವಾಸ್ನೆ. ನೀನು ಬಾಯಿ ಮುಚ್ಕಂಡು ಎರಡೂ ಪ್ಲಗ್ಗು ಹಾಕು. ಬದು ಎತ್ಲಿ, ನ್ಯಾಯದ ಬದು, ಎತ್ಲೇಬೇಕು. ಜುಂಜೇಶಂಗೆ ಮಾತ್ರ ಒಂದು ಮಾತು ಹೇಳಪ್ಪ, ನಡುವೆ ಓಡಾಡಾಕೆ ಒಂದೀಟು ಸಂದಿ ಬಿಡು ಅಂತ. ಒಬ್ರು ಹೋಗಾ ಅಷ್ಟಲ್ಲ, ಇಬ್ರು ಒಟ್ಗೆ ಹೋಗಾ ಅಷ್ಟು. ಅಗಲಕ್ಕೇ ಬಿಡ್ಲಿ... ನೋಡಿದೀಯಲ್ಲ, ಇಬ್ರೂ ಸಣ್ಣಕೇನಿಲ್ಲ.