ಕೊಂಡಿ ಬೀಳದ ಕರುಳು

ಬಾಗಲಕೋಟೆಯ ದವಾಖಾನೆಯ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಖಾತೂನಬಿಗೆ ಪಕ್ಕದವರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಇಳಕಲ್ಲಿನ ನೇಕಾರ ಮತ್ತು ಅವನ ತಾಯಿ. ಅವನ ಹಸುಗೂಸು ಒಳಗಿತ್ತು. ಮುದುಕಿಯ ಕೈಯಲ್ಲಿ ಆಡಿನ ಹಾಲಿನ ಬಾಟಲಿ.

“ಡಾಕ್ಟರ ಏನಂದ್ರೋ ಗ್ಯಾನಪ್ಪ?”

“ಕರುಳಿನ ತುದಿಯಾಗ ನರಾನೂ ಇಲ್ಲಂತ, ನರಾನ ಸಾಕೋ ಗ್ಲಿಯಾ ಕಣಾನೂ ಇಲ್ಲಂತ ಯವ್ವಾ. ಹೊಟ್ಟ್ಯಾಗ ಇದ್ದಾಗನ ಅಲ್ಲೀತನಾ ಬಂದ ಮುಟ್ಟಿಲ್ಲಂತ.”

“ನನಗ ತಿಳಿಯೂವಂಗ ಹೇಳಪಾ.”

“ಸೀರಿ ಮೈ ನೇಯ್ದೇವಿ, ಮೈ ಎಳಿಗೆ ಸೆರಗಿನ ಎಳಿ ಕೂಡಸೋ ಕೊಂಡಿನ ಹಾಕಿಲ್ಲ ಅನ್ಕೋ. ನೇಯ್ಗಿ ಮುಂದ ಹೋಗತೈತೇನು? ಹಂಗ, ಹೊಲಸು ಅಲ್ಲೇ ನಿಂತು ಹೊಟ್ಟಿ ಉಬ್ಬೇತಿ.”

“ಮದ್ಲಿನ ಕೂಸು ಹೋಗೂವಾಗೂ ಹಿಂಗ ಉಬ್ಬಿತ್ತಲ್ಲೋ.”

“ಅದಕ್ಕೂ ಇದ ಆಗಿರಬೇಕಂತ.”

“ಹಂಗಾರ ನಿನ್ನ ಹೇಂತಿ ಎದಿಹಾಲು?”

“ಹಾಲಿಂದೇನೂ ತಪ್ಪಿಲ್ಲಂತ.”

ಮುದುಕಿ ಬಾಟಲಿಯನ್ನು ಬೆಂಚಿನ ಮೇಲಿಟ್ಟಳು. ಅಷ್ಟರಲ್ಲಿ ನರ್ಸು ಹೊರಗೆ ಬಂದಳು.

“ಕೂಸಿನ ತಾಯಿ ಎಲ್ಲದಾಳ್ರಿ? ಲಗೂನ ಕರೀರಿ, ಕೂಸು ಭಾಳ ಹೊತ್ತು ತಡಿಯಂಗಿಲ್ಲ.”

“ಹುನಗುಂದದಾಗ ಅದಾಳ್ರಿ, ತವರಮನ್ಯಾಗ,” ಎಂದ ಗ್ಯಾನಪ್ಪ.

“ಹಸುಗೂಸು ಬಿಟ್ಟು?”

“ಮದ್ಲಿನ ಕೂಸು ಆಕಿ ಹಾಲಿಂದನ ಹೋತಂತ ತಿಳದು, ಇದಕ್ಕ ಕುಡಿಸಬಾರ್ದಂತ ನಾವ ಕಳಿಸೇವ್ರಿ.”

ಗ್ಯಾನಪ್ಪ ಬಸ್‌ಸ್ಟ್ಯಾಂಡಿನತ್ತ ಓಡಿದ. ಮುದುಕಿ ನರ್ಸಿನ ಹಿಂದೆ ಒಳಗೆ ಹೋದಳು. ಆಡಿನ ಹಾಲಿನ ಬಾಟಲಿ ಖಾತೂನಬಿಯ ಪಕ್ಕದಲ್ಲೇ ಉಳಿಯಿತು.