ಗುರುವಾರದ ಮೇಜು

ಫ್ರೆಸ್ನೊದ ಬಿಸಿಲಲ್ಲಿ ಬಸ್ಸಿಗೆ ಕಾದೂ ಕಾದೂ ಓಡೇಲಿಯಾಳ ಬೆನ್ನು ಬೆವೆತುಹೋಗಿತ್ತು. ಪಕ್ಕದಲ್ಲಿ ಕಮ್ಯುನಿಟಿ ಕಾಲೇಜಿನ ಹುಡುಗ, ಹುಡುಗಿ. ಅಲ್ಲಿಂದ ವಿಶ್ವವಿದ್ಯಾಲಯ ಸೇರುವವರಲ್ಲಿ ಒಬ್ಬರಿಗಷ್ಟೇ ಸಿಗುವ ಸ್ಕಾಲರ್‌ಶಿಪ್ಪಿಗೆ ಇಬ್ಬರೂ ಆಗತಾನೆ ಸಂದರ್ಶನ ಮುಗಿಸಿ ಬಂದಿದ್ದರು. ಹುಡುಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಕೂತ್ಕೊಳ್ಳೋ ಕೂವಾ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತಿದೆ.”

“ನಿನ್ನ ಏನ್ ಕೇಳಿದ್ರು ಯೆಸೇನ್ಯಾ?”

“ಕಾಲೇಜಿಗೆ ಏನು ಮಾಡಿದೀಯ ಅಂದ್ರು. ಲೈಬ್ರರೀಲಿ ಗುರುವಾರ ಗಣಿತ ಹೇಳ್ಕೊಡೋ ಮೇಜಿನ ವಿಷಯ ಹೇಳ್ದೆ. ಕೂವಾನೂ ನಾನೂ ಸೇರಿ ಶುರು ಮಾಡಿದ್ದು ಅಂದೆ.”

“ನನ್ನ ಹೆಸರು ಹೇಳಿದ್ಯಾ? ಜೊತೆಗಾರರ ಹೆಸರೆತ್ತಬೇಡಿ, ಎಲ್ಲಾ ನಿಮ್ಮದೇ ಅನ್ನಿ ಅಂತ ಕಾಲೇಜಿನ ಕೌನ್ಸೆಲರ್ ಅಷ್ಟು ಬಡ್ಕೊಂಡ್ರಲ್ಲೇ!”

“ಹಾಗನ್ನೋಕೆ ಬಾಯಿ ಬರ್ಲಿಲ್ಲ ಕಣೋ.”

“ಅದಕ್ಕೆ ಅವರೇನಂದ್ರು?”

“ಮುಖ ಮುಖ ನೋಡ್ಕೊಂಡ್ರು. ಯಾಕೋ? ನಿನ್ನನ್ನೂ ಅದೇ ಕೇಳಿದ್ರಾ?”

ಹುಡುಗ ಟೈ ಬಿಚ್ಚಿ, ಮುದುರಿ ಜೇಬಿಗೆ ತುರುಕಿದ.

“ಹ್ಞೂಂ.”

“ಏನಂದೆ?”

“ಕೌನ್ಸೆಲರ್ ಹೇಳ್ಕೊಟ್ಟಿದ್ದನ್ನೇ ಅಂದೆ.”

ಬಸ್ಸು ಬಂತು. ಹುಡುಗಿ ಹತ್ತಿ, ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಚೀಲವಿಟ್ಟಳು. ಅವನಿಗೆಂದು ಜಾಗ ಹಿಡಿದಳೋ, ಅವನು ಕೂರಬಾರದೆಂದು ಇಟ್ಟಳೋ, ಬೇರೆ ಬಸ್ಸಿಗೆ ಕಾಯುತ್ತ ಕೆಳಗೇ ಉಳಿದ ಓಡೇಲಿಯಾಗೆ ತಿಳಿಯಲಿಲ್ಲ. ಹುಡುಗನಿಗೂ ತಿಳಿದಂತೆ ಕಾಣಲಿಲ್ಲ. ಬಸ್ಸು ತಿರುವು ದಾಟುವವರೆಗೂ ಅವನು ಆ ಚೀಲವನ್ನೇ ನೋಡುತ್ತ, ಕಂಬಿ ಹಿಡಿದು ನಿಂತೇ ಇದ್ದ.