ಏಳನೇ ಹೋಲಿನ ಓ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಆ ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ಹುಲ್ಲಿಗಿಂತ ಮರಗಳದ್ದೇ ದರ್ಬಾರು. ಹಿಂದೆ ಹೊಲದ ಬದುಗಳಲ್ಲಿದ್ದ ಹುಣಸೆ, ಹೊಂಗೆ, ನೇರಳೆ ಯಾವುದನ್ನೂ ಕಡಿಯದೆ ಉಳಿಸಿಕೊಂಡು ನಡುವೆ ಹಸಿರು ಹಾಸಿದ್ದಾರೆ. ನೋಡುವವರಿಗೆ ಚೆಂದ, ಆಡುವವರಿಗೆ ಕಾಟ. ಚೆನ್ನಾಗಿ ಹೊಡೆದ ಚೆಂಡೂ ಯಾವುದೋ ಕೊಂಬೆಗೆ ತಗುಲಿ, ಯಾರೋ ಬೇಕೆಂದೇ ತಳ್ಳಿದ ಹಾಗೆ ಎತ್ತಲೋ ಹೋಗಿಬಿಡುತ್ತದೆ.

ಆ ಸಂಜೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮಳೆ ನುಗ್ಗಿ ಬಂತು. ಆಡುತ್ತಿದ್ದ ಕೇರಳದವರು ಬಂಡೀಪುರದ ಗೇಟು ಹಾಕುವ ಮೊದಲೇ ಕಾಡು ದಾಟಬೇಕೆಂದು ಆಟ ಅರ್ಧಕ್ಕೆ ಬಿಟ್ಟು ಕಾರು ಹತ್ತಿದರು. ಚೆಂಡು ಬೀಳಿಸುವ ಏಳನೇ ಗುಳಿ, ಏಳನೇ ಹೋಲಿನ ಬಳಿ ಬಾವುಟ ಹಿಡಿದು ನಿಂತಿದ್ದ ರಂಜಿನಿ ಒಬ್ಬಳೇ ಉಳಿದಳು. ಬಾವುಟ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಗಳ ಶೆಡ್ಡಿನತ್ತ ಓಡಿದಳು. ಹುಣಸೆಮರ ದಾಟುವಾಗ ಮಳೆಯ ಸದ್ದಿನ ನಡುವೆ "ಮೊಗಾ..." ಎಂದು ಕೂಗಿದ್ದು ಕೇಳಿಸಿತು. ಇಲ್ಲಿ ಅವಳನ್ನು ಮೊಗಾ ಎನ್ನುವವಳು ಮುದುಕಿ ಮೂಗಮ್ಮ ಒಬ್ಬಳೇ. "ಓ... ಬಂದೆ ಕಣಜ್ಜಿ!" ಎನ್ನುತ್ತಲೇ ಶೆಡ್ಡಿನೊಳಗೆ ನುಗ್ಗಿದಳು.

ಒಳಗೆ ಸ್ಟವ್ವಿನ ಮೇಲೆ ಟೀ ಕುದಿಯುತ್ತಿತ್ತು. ಕ್ಯಾಡಿ ಶಿವರಾಮು ಗಾಲ್ಫ್ ಕೋಲುಗಳನ್ನು ಒರೆಸುತ್ತಿದ್ದ. ಮೂಗಮ್ಮ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಅಡಿಕೆ ಅಗಿಯುತ್ತಿದ್ದಳು. ಮೈದಾನದ ಹುಲ್ಲಿನಲ್ಲಿ ಕಳೆ ಕೀಳುವುದು ಅವಳ ಕೆಲಸ. ಹೆಸರಿಗಷ್ಟೇ ಮೂಗಮ್ಮ, ಅವಳ ಬಾಯಿ ಮುಚ್ಚಿಸುವುದು ಮ್ಯಾನೇಜರಿಂದಲೂ ಆಗಿರಲಿಲ್ಲ.

"ನಾಳೆಯಿಂದ ಏಳ್ನೇದು ನಿಂಗೇ ಖಾಯಂ ಅಂತೆ ಕಣಮ್ಮಿ, ನಿಮ್ಮಪ್ಪನ ಜಾಗ," ಎಂದ ಶಿವರಾಮು.

ರಂಜಿನಿ ಸುತ್ತಿದ ಬಾವುಟವನ್ನು ಮೂಲೆಗೆ ಒರಗಿಸಿದಳು. ಅವಳಪ್ಪ ಪುಟ್ಟಮಾದು ಆ ಹೋಲಿನಲ್ಲೇ ವರ್ಷಗಟ್ಟಲೆ ನಿಂತವನು. ಈಗ ಮನೆಯ ಜಗಲಿ ಬಿಟ್ಟು ಏಳುವುದಿಲ್ಲ, ಯಾರು ಕರೆದರೂ ಓ ಎನ್ನುವುದಿಲ್ಲ. ಮೈಸೂರಿನ ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿಯಾಗಿದೆ ಎಂದು ಕಳಿಸಿದರು. ಅಪ್ಪ ಒಂದು ಸಲ ತನ್ನ ಹೆಸರು ಹಿಡಿದು ಕರೆದರೆ ಸಾಕು, ಇನ್ನೇನೂ ಬೇಡ ಎಂಬುದೊಂದೇ ಅವಳ ಆಸೆಯಾಗಿತ್ತು.

"ಬ್ಯಾಡ," ಎಂದಳು ಮೂಗಮ್ಮ. "ಆ ಮರದ ತಾವ ಈ ಎಣ್ಣು ನಿಲ್ಲಾದು ಬ್ಯಾಡ."

"ಯಾಕಜ್ಜಿ?"

ಮುದುಕಿ ಅಡಿಕೆ ಉಗಿದು ಬಂದು ಸೆರಗು ಬಿಗಿ ಮಾಡಿ ಕೂತಳು. ಶಿವರಾಮು ಸ್ಟವ್ವು ಆರಿಸಿದ.

"ಯೋಳ್ತೀನಿ, ನಡ್ವೆ ಬಾಯಾಕ್ಬ್ಯಾಡಿ. ಈ ಗುಳಿ, ಈ ಬಾವುಟ ಯಾವ್ದೂ ಇಲ್ದಾಗ ಇಲ್ಲಿ ಜೋಳದ ಒಲ ಇತ್ತು, ನಾನು ಲಂಗ ಉಟ್ಕೊಂಡು ಓಡಾಡ್ತಿದ್ದಾಗ್ಲೂ ಆ ಉಣ್ಸೇಮರ ಇಷ್ಟೇ ದಪ್ಪ ಇತ್ತು... ಆಗ ಶಿವಲಕ್ಷ್ಮಿ ಅಂತ ಒಬ್ಳಿದ್ಲು. ಗಂಡ ಇಲ್ಲ, ಇದ್ದೋನು ಒಬ್ನೇ ಮಗ. ಒಂದಿನ ಮಗ ದನ ಒಡ್ಕೊಂಡು ಕಾಡಂಚಿಗೆ ಓದ. ಸಂದೆಗೆ ದನ ಬಂದೋ, ಮಗ ಬರ್ನಿಲ್ಲ. ಉಲಿಯೋ, ಆನೆಯೋ, ದಾರಿ ತಪ್ಪುದ್ನೋ... ಯಾರ್ ಕಂಡವ್ರೆ? ಎಗಲ ಮೇಲಿದ್ದ ಟವಲ್ಲೂ ಸಿಕ್ನಿಲ್ಲ. ಇವ್ಳು ದಿನಾ ಸಂದೆಗೆ ಆ ಮರದ ಕೆಳಗೆ ನಿಂತ್ಕೊಂಡು ಮೊಗಾ... ಮೊಗಾ... ಅಂತ ಕೂಗೋಳು. ಕೂಗ್ದೋರ್ಗೆ ಓ ಅನ್ನಕೆ ಒಂದು ಜೀವ ಬೇಕಲ್ವಾ? ಯಾರು ಅಂದಾರು? ಕೂಗ್ತಾ ಕೂಗ್ತಾ ಆ ಬುಡದಲ್ಲೇ ಪ್ರಾಣ ಬುಟ್ಲು. ಪ್ರಾಣ ಓದ್ರೂ ಕೂಗು ನಿಲ್ನಿಲ್ಲ."

"ನವಿಲು ಕೂಗಾದು ಕಣಜ್ಜಿ ಅದು," ಎಂದ ಶಿವರಾಮು. ಧ್ವನಿಯಲ್ಲಿ ಧೈರ್ಯ ಅಷ್ಟೇನೂ ಇರಲಿಲ್ಲ.

"ನವಿಲು ಮೊಗಾ ಅಂತದೇನ್ಲಾ, ಮಂಕುಮುಂಡೇದೆ? ನಮ್ಮೂರ ಕೂಸ್ಗೊಳ್ಗೆ ಮೊದ್ಲು ಕಲ್ಸೋ ಬುದ್ಧಿ ಏನು? ಒತ್ತು ಮುಳುಗಿದ್ ಮ್ಯಾಲೆ ಮೂರು ಸಲ ಕರೆಯೋಗಂಟ ಓ ಅನ್ಬ್ಯಾಡಿ ಅಂತ. ಬದ್ಕಿರೋರು ಮೂರು ಸಲ ಕರೀತಾರೆ. ಅದು ಒಂದೇ ಸಲ ಕರ್ದು ಸುಮ್ನಾಯ್ತದೆ... ಆಮ್ಯಾಕೆ ಅಳ್ತದೆ. ಅಂಗೇ ಎಷ್ಟೋ ಕಾಲ ಓಯ್ತು, ಯಾರೂ ಓ ಅನ್ನಿಲ್ಲ. ಅಷ್ಟರಲ್ಲಿ ಈ ರೆಸಾರ್ಟು ಬಂತು, ಗಾಲ್ಫು ಬಂತು. ಏಳ್ನೇ ಗುಳಿ ತಾವ ದಿಣ್ಣೆ ಅದೆಯಲ್ಲ, ಆಕಡೆ ನಿಂತು ಒಡೆಯೋರ್ಗೆ ಈಕಡೆ ಯಾರವ್ರೆ ಅಂತ ಕಾಣಲ್ಲ. ಅದ್ಕೆ ಮರದ ತಾವ ಒಬ್ಬ ನಿಲ್ಬೇಕು, ಚೆಂಡು ಜನದ ಮ್ಯಾಕೆ ಬಂದ್ರೆ ಕೂಗ್ಬೇಕು. ಅದೇನು ಕೂಗಾದು, ಯೋಳ್ಲಾ?"

"ಫೋರ್."

"ಊಂ. ಎಲ್ಲಿಂದ್ಲೋ ಬಂದ ಕೋಚು ಕಲಿಸ್ಕೊಟ್ಟ. ಗಟ್ಯಾಗಿ ಕೂಗಿ ನೋಡು, ಗಾಳಿಗೆ ಮುಂದಿನ ಅಕ್ಷರಾನೂ ಓಯ್ತದೆ, ಇಂದಿಂದೂ ಓಯ್ತದೆ. ಉಳ್ಯೋದೇನು?... ಓ! ಪುಟ್ಟಮಾದುಂದು ಮೊದ್ಲೇ ದೊಡ್ಡ ಗಂಟ್ಲು. ಒಂದು ಸಂದೆ ಯಾರೋ ಸಾಹೇಬ್ರು ಒಡ್ದ ಚೆಂಡು ಅಡ್ಡ ಬಂತು ಅಂತ ಕೂಗ್ದ. ಅದೇ ಗಳಿಗೇಲಿ ಅವ್ಳೂ ಕೂಗಿದ್ಲು. ನಾನು ಅಲ್ಲೇ ಕಳೆ ಕೀಳ್ತಿದ್ದೆ, ಎರ್ಡೂ ಕೇಳ್ದೆ. ಮೊಗಾ... ಅಂದ್ಲು. ಓ... ಅಂದ. ಇಷ್ಟು ಕಾಲಕ್ಕೆ ಮಗ ಓ ಅಂದ ಅನ್ಕೊಂಡ್ಲು ಪಾಪ! ಅವತ್ತು ಅಳು ನಿಂತೋಯ್ತು ಕಣ್ರವ್ವ."

ಮುದುಕಿಯ ಕಣ್ಣು ಒದ್ದೆಯಾಗಿತ್ತು. ತಗಡಿನ ಮೇಲೆ ಮಳೆ ಒಂದೇ ಸಮ ಬಡಿಯುತ್ತಿತ್ತು.

"ಅವ್ನಿಗೂ ಗೊತ್ತಾಯ್ತು. ಬುಟ್ಬುಡ್ಲಾ ಅಂತ ಬೈದೆ. ಏನಂದ ಗೊತ್ತಾ ನಿಮ್ಮಪ್ಪ? 'ತಾಯಿ ಕೂಗ್ತಾ ಅವ್ಳೆ, ಕಿವಿ ಕೇಳೋನು ಓ ಅನ್ದೆ ಎಂಗಿರದವ್ವಾ, ಒಂದು ಓ ಅಂದ್ರೆ ನಂದೇನು ಓಯ್ತದೆ?' ಅಂದ. ದಿನಾ ಸಂದೆಗೆ, ಚೆಂಡು ಬರ್ಲಿ ಬುಡ್ಲಿ, ಓ ಅನ್ನೋನು. ಓ ಅನ್ನಾದು ಬರೀ ಸದ್ದಾ? ಇಲ್ಲೇ ಇವ್ನಿ, ನಿನ್ನೋನೇ ಅಂತ ಒಪ್ಕಂಡಂಗೆ ಅಲ್ವಾ? ಅಲ್ಲಿ ಕೊಟ್ಟಷ್ಟೂ ಮನೇಲಿ ಕಮ್ಮಿ ಆಯ್ತಾ ಬಂತು."

ರಂಜಿನಿಗೆ ಒಂದೊಂದೇ ನೆನಪಾಯಿತು. ಅಪ್ಪನ ಮಾತು ಒಂದೇ ದಿನ ನಿಂತಿರಲಿಲ್ಲ. ಮೊದಮೊದಲು ಕರೆದರೆ ಓ ಎನ್ನುವುದು ತಡವಾಗುತ್ತಿತ್ತು, ಎಲ್ಲಿಂದಲೋ ಎಳೆದು ತಂದ ಹಾಗೆ. ಆಮೇಲೆ ತಿರುಗಿ ನೋಡುತ್ತಿದ್ದ ಅಷ್ಟೆ. ಆಮೇಲೆ ಅದೂ ಇಲ್ಲ. ಈಗ ಸಂಜೆಯಾದರೆ ಮಾತ್ರ, ಯಾರೂ ಕರೆಯದಿದ್ದರೂ, ಜಗಲಿಯಲ್ಲಿ ಎದ್ದು ಕೂತು ಮೈದಾನದ ದಿಕ್ಕಿಗೆ ಒಂದು ಸಲ "ಓ" ಎನ್ನುತ್ತಿದ್ದ. ಹಳೇ ಕೆಲಸದ ಅಭ್ಯಾಸ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

"ಅಪ್ಪನ್ನ ಬಿಡಿಸ್ಕೊಳ್ಳಾದು ಹೆಂಗಜ್ಜಿ?" ಎಂದಳು.

"ಅವ್ಳೇನು ಕೆಟ್ಟೋಳಾ, ಕಿತ್ಕೊಂಡು ಬರಕೆ? ಅವ್ನು ಮನೇಲಿ ಕುಂತು ಅಂದ್ರೆ ಅವ್ಳಿಗೆಲ್ಲಿ ಕೇಳ್ತದೆ? ಈಗ ಮತ್ತೆ ದಿನಾ ಸಂದೆಗೆ ಅಳು ಸುರು ಆಗದೆ. ಅವ್ಳಿಗೆ ಬೇಕಾಗಿರಾದು ಒಂದೇ ಮೊಗ. ಓ ಅನ್ನೋ ಇನ್ನೊಂದು ಸಿಕ್ರೆ ಈ ಮೊಗೀನ ಬುಟ್ಬುಡ್ತಾಳೆ. ಅದ್ಕೇ ಯೋಳ್ದಿದ್ದು, ನೀನು ಅಲ್ಲಿಗೆ ಓಗ್ಬ್ಯಾಡ ಅಂತ."

ರಂಜಿನಿಗೆ ಭಯಕ್ಕಿಂತ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ತಾನೇ ಓ ಅಂದುಬಿಟ್ಟರೆ ಅಪ್ಪ ಮಾತಾಡುತ್ತಾನಾ ಎಂಬ ಆಸೆಯೂ ಇಣುಕಿತು. ಆಗಲೇ ಮೊಬೈಲು ಹೊಡೆದುಕೊಂಡಿತು. ಅವ್ವ ಶಾಂತಿ.

"ರಂಜೀ, ನಿಮ್ಮಪ್ಪ ಮಾತಾಡ್ದ ಕಣಮ್ಮಿ!" ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುತ್ತಿರಲಿಲ್ಲ. "ಮಳೆ ಸುರುವಾಗಿ ವಸಿ ಒತ್ತಿಗೆ ನಿದ್ದೆಯಿಂದ ಎದ್ದೋನಂಗೆ ಎದ್ದ. ಇವತ್ತು ಓ ಅನ್ಲೂ ಇಲ್ಲ. ರಂಜಿ ಎಲ್ಲಿ ಅಂದ. ಉಂಡ. ಇಲ್ಲೇ ಅವ್ನೆ, ತಡಿ, ಮಾತಾಡು."

ಫೋನಿನಾಚೆಗೂ ಕೇಳುತ್ತಿದ್ದ ದನಿಗೆ ಶಿವರಾಮು ಹಿಗ್ಗಿನಿಂದ ಚಪ್ಪಾಳೆ ತಟ್ಟಿದ. ರಂಜಿನಿಯ ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯಿತು. ಆಚೆಯಿಂದ, ತಿಂಗಳುಗಟ್ಟಲೆ ಅವಳು ಕೇಳದಿದ್ದ ದನಿ ಬಂತು.

"ರಂಜೀ..."

ಅವಳು ಬಾಯಿ ತೆರೆದಳು. ಹೇಳಬೇಕಾದ್ದು ಒಂದೇ ಅಕ್ಷರ. ಅದು ಬರಲಿಲ್ಲ. ಅಪ್ಪ ಮತ್ತೆ ಕರೆದ. ಇನ್ನೊಂದು ಸಲ ಕರೆದ ಮೇಲೆ, ಎಲ್ಲಿಂದಲೋ ಎಳೆದು ತಂದ ಹಾಗೆ, "ಓ" ಎಂದಳು.

ಮೂಗಮ್ಮ ಅವಳನ್ನೇ ನೋಡುತ್ತಿದ್ದಳು.

"ಆಗ್ಲೆ ಓಡ್ಬರ್ತಾ 'ಓ, ಬಂದೆ ಕಣಜ್ಜಿ' ಅಂದೆಯಲ್ಲ, ಯಾರ್ಗಮ್ಮಿ ಅಂದಿದ್ದು? ಮಳೆ ಸುರುವಾದಾಗಿಂದ ನನ್ ಬಾಯ್ತುಂಬ ಅಡ್ಕೆ ಇತ್ತು. ನಾನು ಯಾರ್ನೂ ಕೂಗ್ನಿಲ್ಲ."

ಹೊರಗೆ ಮಳೆ ಸಣ್ಣಗಾಗಿ, ಮರಗಳಿಂದ ತೊಟ್ಟಿಕ್ಕುವ ಹನಿಗಳ ಸದ್ದು ಮಾತ್ರ ಉಳಿದಿತ್ತು. ಮುದುಕಿ ತಲೆ ವಾಲಿಸಿ, ಏಳನೇ ಹೋಲಿನ ಕಡೆಗೆ ಕಿವಿಕೊಟ್ಟು ಬಹಳ ಹೊತ್ತು ಕೂತಳು.

"ಕೇಳಿಸ್ಕಳಿ..." ಎಂದಳು ಕೊನೆಗೆ, ಮೆಲ್ಲಗೆ. "ಇವತ್ತು ಅಳ್ತಾ ಇಲ್ಲ."